ಹುಬ್ಬಿನ ಮೇಲಿನ ಬಿಳಿ ಪಟ್ಟಿ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವವಳಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ರೆಪ್ಪೆ ತೊಳೆಯುತ್ತೇನೆ. ಹದಿನೇಳು ವರ್ಷದಿಂದ ಅದೊಂದೇ ಕೆಲಸ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ "ಅದಕ್ಕೂ ಒಬ್ಬರು ಬೇಕಾ?" ಅನ್ನುತ್ತಾರೆ. ನಾನು ಸುಮ್ಮನೆ ಅವರ ರೆಪ್ಪೆಯನ್ನೇ ದಿಟ್ಟಿಸಿ ನೋಡುತ್ತೇನೆ. ಹತ್ತರಲ್ಲಿ ಎಂಟು ಮಂದಿ ತಕ್ಷಣ ಕಣ್ಣು ಉಜ್ಜಿಕೊಳ್ಳುತ್ತಾರೆ.

ಜನ ಮುಖ ತೊಳೆಯುವುದನ್ನು ನಿಂತು ನೋಡಬೇಕು. ಯಾರೋ ಕೆನ್ನೆಗೆ ಬಾರಿಸಲು ಬಂದಂತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ನಾಲ್ಕು ಸಲ ನೀರು ಎರಚಿಕೊಂಡು, ಟವೆಲಿನಲ್ಲಿ ಒರೆಸಿಕೊಂಡರೆ ಮುಗಿಯಿತು. ಹಲ್ಲಿಗೆ ಬ್ರಷ್ ಇದೆ, ತಲೆಗೆ ಶಾಂಪೂ ಇದೆ, ಹಿಮ್ಮಡಿಗೂ ಒಂದು ಕಲ್ಲಿದೆ. ರೆಪ್ಪೆಯ ಅಂಚಿಗೆ ಮಾತ್ರ ಹೇಳುವವರು ಕೇಳುವವರು ಇಲ್ಲ. ಕೂದಲು ಹುಟ್ಟುವ ಆ ಗೆರೆಯ ಉದ್ದಕ್ಕೂ ಎಣ್ಣೆ ಜಿನುಗುವ ಸಣ್ಣ ಸಣ್ಣ ಬಾಯಿಗಳಿವೆ. ಧೂಳು, ಹೊಟ್ಟು, ಗೀಜು ಎಲ್ಲ ಅಲ್ಲೇ ಕೂತು ಗಟ್ಟಿಯಾಗುತ್ತವೆ. ಕಣ್ಣು ಉರಿಯುತ್ತದೆ, ಕಡಿಯುತ್ತದೆ, ಬೆಳಗ್ಗೆ ಎದ್ದಾಗ ಅಂಟಿಕೊಂಡಿರುತ್ತದೆ. ಬೇರೆ ದಿನಗಳಲ್ಲಿ ಅದು ಬರೀ ಕಿರಿಕಿರಿ. ಆದರೆ ಪೊರೆ ತೆಗೆಯಲು ಡಾಕ್ಟರು ಕಣ್ಣಿಗೆ ಕತ್ತರಿ ಇಟ್ಟ ದಿನ ಅಲ್ಲಿಯ ಕೊಳೆ ಒಳಗೆ ಹೋಯಿತೋ, ಪೊರೆಯ ಜೊತೆ ಕಣ್ಣೂ ಹೋಗಬಹುದು.

ಅದಕ್ಕೇ ನಾನಿದ್ದೇನೆ. ಉದ್ದನೆಯ ಓಣಿಯಂಥ ವರಾಂಡದ ಕೊನೆಯಲ್ಲಿ ನನ್ನ ಕೋಣೆ. ಒಂದು ಕಿಟಕಿ, ಒಂದು ಸ್ಟೂಲು, ಕಾಯುವವರಿಗೆ ಗೋಡೆಗೊರಗಿಸಿದ ಬೆಂಚು, ನೀರು ಕಾಯಿಸುವ ಕೆಟಲು, ಬಗ್ಗುವ ಕತ್ತಿನ ದೀಪ, ಅದಕ್ಕೆ ಜೋಡಿಸಿದ ಭೂತಗನ್ನಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಡುತ್ತೇನೆ. ಆಮೇಲೆ ರೆಪ್ಪೆಯನ್ನು ಬೆರಳ ತುದಿಯಲ್ಲಿ ಹಗುರವಾಗಿ ಒತ್ತಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಕೂದಲ ಬುಡವನ್ನು ಹತ್ತಿಯಲ್ಲಿ ಒರೆಸುತ್ತೇನೆ. ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಇಲ್ಲ. ಭೂತಗನ್ನಡಿಯಲ್ಲಿ ನೋಡಿ ಒಪ್ಪಿಗೆಯಾದರೆ ಆ ಕಣ್ಣಿನ ಹುಬ್ಬಿನ ಮೇಲೆ ಉಗುರಿನಷ್ಟು ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸುತ್ತೇನೆ. ಆ ಪಟ್ಟಿ ಇಲ್ಲದೆ ಆಪರೇಷನ್ ಕೋಣೆಯ ಬಾಗಿಲು ದಾಟಿದವರು ಯಾರೂ ಇಲ್ಲ. ಒಬ್ಬ ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಬೈದು ನೋಡಿದರು, ಅವರನ್ನೂ ವಾಪಸ್ ಕಳಿಸಿದ್ದೇನೆ. ಇಡೀ ಆಸ್ಪತ್ರೆ ನನ್ನನ್ನು ರೆಪ್ಪೆಯಕ್ಕ ಎನ್ನುತ್ತದೆ. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ. ಜಂಬ ಎನ್ನುವವರು ಎನ್ನಲಿ, ಆ ಹೆಸರು ಕಿವಿಗೆ ಬಿದ್ದರೆ ನನ್ನ ಬೆನ್ನು ತಾನೇ ನೆಟ್ಟಗಾಗುತ್ತದೆ.

ಹಾಗೆ ಕರೆಯದವಳು ಒಬ್ಬಳೇ, ನನ್ನ ಅಮ್ಮ.

ಅಮ್ಮನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಆ ಅಂಗಡಿಯ ಮೇಲೇ ನಾನೂ ನನ್ನ ತಮ್ಮನೂ ಬೆಳೆದವರು. ಹೋಟೆಲಿನ ಅಡುಗೆಯವರ ಬಿಳಿ ಕೋಟು, ಶಾಲೆಯ ಮಕ್ಕಳ ಬಿಳಿ ಅಂಗಿ, ಕ್ಷೌರದಂಗಡಿಯ ಬಿಳಿ ಟವೆಲು, ಬಿಳಿಯದೆಲ್ಲ ಅವಳ ಹತ್ತಿರವೇ ಬರುತ್ತಿತ್ತು. ಅವಳ ಕಾನೂನು ಒಂದೇ: "ಕಲೆ ಹೋಗ್ಲಿಲ್ವಾ? ಇನ್ನೊಂದು ಸಲ ಉಜ್ಜು." ಆ ಕಾನೂನಿಗೆ ರಿಯಾಯಿತಿ ಇರಲಿಲ್ಲ. ಚಿಕ್ಕಂದಿನಲ್ಲಿ ನಮ್ಮಿಬ್ಬರ ಮೊಣಕಾಲುಗಳು ಅಂಗಿಯ ಕಾಲರುಗಳಷ್ಟೇ ಕಷ್ಟಪಟ್ಟಿವೆ.

ನಾನು ಕೆಲಸಕ್ಕೆ ಸೇರಿದಾಗ ಅಮ್ಮ ಗಿರಾಕಿಗಳಿಗೆ "ಮಗಳು ಆಸ್ಪತ್ರೆಯಲ್ಲಿದ್ದಾಳೆ" ಎಂದಷ್ಟೇ ಹೇಳಿದಳು. "ನರ್ಸಾ?" ಎಂದು ಕೇಳಿದರೆ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ತಲೆ ತಗ್ಗಿಸಿ ಮುಂದಿನ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಬೇರೆಯವರು ನಕ್ಕರೆ ನನಗೆ ತಾಗುವುದಿಲ್ಲ, ನನ್ನ ಚರ್ಮ ದಪ್ಪ. ಅಮ್ಮನ ಆ ಮೌನ ಮಾತ್ರ ಹದಿನೇಳು ವರ್ಷವೂ ತಾಗಿತು. ಪರರ ಕೊಳೆ ತೊಳೆದೇ ಬದುಕಿದವಳಿಗೆ ಮಗಳೂ ಅದನ್ನೇ ಮಾಡುವುದು ಹೇಳಿಕೊಳ್ಳುವ ಮಾತಾಗಿರಲಿಲ್ಲ.

ಎರಡು ವರ್ಷದಿಂದ ಅಮ್ಮನ ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಹೆಚ್ಚು. ಕೈ ಅಭ್ಯಾಸದ ಮೇಲೆ ಇಸ್ತ್ರಿ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅಡುಗೆಯವನ ಬಿಳಿ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ನಿಂತೇಬಿಟ್ಟಿತು. ಕಂದು ಕಲೆ ಅವಳಿಗೆ ಕಾಣಿಸಲಿಲ್ಲ, ವಾಸನೆಗೆ ಗೊತ್ತಾಯಿತು. ಅಂದೇ ಪೆಟ್ಟಿಗೆ ಆರಿಸಿ, ಇಸ್ತ್ರಿ ಮಾಡುವ ಮೇಜನ್ನು ತಮ್ಮನ ಹೆಂಡತಿಗೆ ಬಿಟ್ಟುಕೊಟ್ಟು ಮೂಲೆಯಲ್ಲಿ ಕೂತಳು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಕೊನೆಗೆ ನಾನು ಗದರಿಸಿದ ಮೇಲೆ ಆಪರೇಷನ್ನಿಗೆ ಒಪ್ಪಿದಳು. "ಕಣ್ಣಿಗಲ್ಲ, ನನ್ನ ಮೇಜು ನನಗೆ ವಾಪಸ್ ಬೇಕು, ಅದಕ್ಕೆ ಮಾಡಿಸ್ಕೋತೀನಿ" ಎಂದಳು. ಮೊದಲು ಬಲಗಣ್ಣು ಎಂದು ಒಂದು ಮಂಗಳವಾರಕ್ಕೆ ದಿನ ನಿಗದಿಯಾಯಿತು.

ಅದಕ್ಕೆ ಒಂದು ವಾರ ಮೊದಲು ಪರೀಕ್ಷೆಗೆಂದು ಬಂದವಳನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ದೀಪ ತಿರುಗಿಸಿದೆ. ನನ್ನ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕೂದಲ ಬುಡದಲ್ಲಿ ಸ್ವಲ್ಪ ಹೊಟ್ಟಿತ್ತು, ಆ ವಯಸ್ಸಿನ ಎಲ್ಲರಿಗೂ ಇರುವಷ್ಟೇ. ಯಾರೇ ಆದರೂ ಒಂದು ಮಾತು ಚುಡಾಯಿಸದೆ ಬಿಡುವ ಜಾಯಮಾನ ನನ್ನದಲ್ಲ.

"ಏನಮ್ಮಾ, ಊರವರ ಕಾಲರೆಲ್ಲ ಬಿಳಿ ಮಾಡಿದೆ. ನಿನ್ನ ರೆಪ್ಪೆ ನೋಡು, ಕಾಲರಿನ ಪಟ್ಟಿಗಿಂತ ಕಡೆಯಾಗಿದೆ!" ಎಂದೆ.

ಬೆಂಚಿನ ಮೇಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಅಮ್ಮ ನಗಲಿಲ್ಲ. ಬಿಸಿ ಬಟ್ಟೆ ಹೇಗಿಡಬೇಕು, ಹೇಗೆ ಒರೆಸಬೇಕು, ದಿನಕ್ಕೆ ಎರಡು ಸಲ ಸಾಕು ಎಂದೆಲ್ಲ ಹೇಳಿ ಹತ್ತಿಯ ಪೊಟ್ಟಣ ಕೊಟ್ಟೆ. ನಾನೇ ದಿನಾ ಬಂದು ಮಾಡುತ್ತೇನೆ ಎಂದರೆ, "ನನ್ನ ಮುಖ ತೊಳ್ಕೊಳ್ಳೋಕೆ ನನಗೆ ಬರುತ್ತೆ" ಎಂದು ಚೀಲ ಎತ್ತಿಕೊಂಡು ಹೊರಟುಬಿಟ್ಟಳು.

ಮಂಗಳವಾರ ಬೆಳಗ್ಗೆ ಹನ್ನೊಂದು ಮಂದಿ ಇದ್ದರು. ಅಮ್ಮ ಐದನೆಯವಳು. ಬಸ್ ಓಡಿಸುವ ತಮ್ಮ ಯಾರ್ಯಾರದೋ ಕಾಲು ಹಿಡಿದು ಪಾಳಿ ಬದಲಾಯಿಸಿಕೊಂಡು ಬಂದಿದ್ದ. ಆಸ್ಪತ್ರೆಯ ಹಸಿರು ನಿಲುವಂಗಿಯಲ್ಲಿ, ತಲೆಗೆ ಟೋಪಿ ಹಾಕಿಕೊಂಡು ಅಮ್ಮ ಸ್ಟೂಲಿನ ಮೇಲೆ ಕೂತು ತಾನಾಗಿಯೇ ಮುಖ ಮೇಲೆತ್ತಿದಳು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬರುವುದು ಖಾತ್ರಿಯಾದ ಹುಡುಗಿಯ ಹಾಗಿತ್ತು ಆ ಮುಖ.

ಭೂತಗನ್ನಡಿ ಹಿಡಿದೆ. ದೀಪವನ್ನು ಇನ್ನಷ್ಟು ಹತ್ತಿರ ಎಳೆದೆ.

ಕೊಳೆ ಒಂದು ಚೂರೂ ಇರಲಿಲ್ಲ. ಅಷ್ಟು ಸ್ವಚ್ಛವಾದ ರೆಪ್ಪೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಅಂಚಿನ ಚರ್ಮ ಸುಲಿದು ಹಸಿಗಾಯದಂತೆ ಕೆಂಪಾಗಿತ್ತು. ಎರಡು ಕಡೆ ಕೂದಲೇ ಉದುರಿತ್ತು. ಕಣ್ಣಿನ ಬಿಳಿ ಭಾಗವೂ ಕೆಂಪಾಗಿ ಊದಿಕೊಂಡು ನೀರು ಸುರಿಸುತ್ತಿತ್ತು.

"ಅಮ್ಮ, ಏನು ಹಾಕಿ ತೊಳೆದೆ?"

"ನೀನು ಹೇಳಿದ್ದೇ. ಬಿಸಿನೀರು."

"ಅಮ್ಮಾ."

ಅವಳು ನಿಲುವಂಗಿಯ ಸುಕ್ಕನ್ನು ಅಂಗೈಯಲ್ಲಿ ತೀಡಿದಳು. "ಸೋಪೂ ಹಾಕಿದೆ" ಎಂದಳು.

"ಯಾವ ಸೋಪು?"

"ಅಂಗಡೀದು. ಬಟ್ಟೆ ಸೋಪು. ಕರಗಿಸಿ, ದಪ್ಪ ಟವೆಲಲ್ಲಿ. ದಿನಕ್ಕೆ ಐದಾರು ಸಲ."

"ಉರೀಲಿಲ್ವಾ?"

"ಉರೀತು. ಉರಿದ್ರೆ ಬಿಟ್ಟುಬಿಡೋದಾ?" ಆಮೇಲೆ ಬೆಂಚಿನವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಅವತ್ತು ಅಷ್ಟು ಜನರ ಎದುರು ನಿನ್ನ ತಾಯಿ ಕಣ್ಣೇ ಗಲೀಜು ಅಂತ ಆಯ್ತಲ್ಲೇ. ನಾಳೆ ಇವರೆಲ್ಲ ನಿನ್ನ ಮಾತು ಕೇಳ್ತಾರಾ? ನಿನ್ನ ಮರ್ಯಾದೆ ಹೋಗಬಾರದು ಅಂತ ಉಜ್ಜಿದೆ."

ಯಾವ ಕೆಲಸದ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲವೋ, ಆ ಕೆಲಸದ ಮರ್ಯಾದೆಗೆಂದು ಅಮ್ಮ ತನ್ನ ಕಣ್ಣನ್ನು ಸುಲಿದುಕೊಂಡಿದ್ದಳು. ತಬ್ಬಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ. ನಾನು ಎರಡನ್ನೂ ಮಾಡಲಿಲ್ಲ.

"ಇವತ್ತು ಆಗಲ್ಲ ಅಮ್ಮ" ಎಂದೆ.

ಬಾಗಿಲ ಬಳಿ ನಿಂತಿದ್ದ ತಮ್ಮ ಒಳಗೇ ಬಂದ. "ಆಗಲ್ಲ ಅಂದ್ರೆ? ಏನಕ್ಕಾ ಇದು? ನಾಳೆಯಿಂದ ದೊಡ್ಡ ಡಾಕ್ಟರು ಮೂರು ವಾರ ರಜಾ. ನನಗೆ ಇನ್ನೊಂದು ಸಲ ಪಾಳಿ ಬದಲಾಯಿಸಿ ಕೊಡೋರು ಯಾರು?"

"ಗಾಯ ಆಗಿದೆ. ಈ ಕಣ್ಣು ಇವತ್ತು ತೆರೆಯೋ ಹಾಗಿಲ್ಲ."

"ಗಲೀಜಿದೆಯಾ? ಇಲ್ಲ ತಾನೆ? ಪಟ್ಟಿ ನಿನ್ನ ಕೈಲೇ ಇದೆ, ಅಂಟಿಸು. ಯಾರು ನೋಡ್ತಾರೆ?"

ನಿಜ, ಯಾರೂ ನೋಡುವುದಿಲ್ಲ. ಹುಬ್ಬಿನ ಮೇಲೆ ಆ ಪಟ್ಟಿ ಕಂಡರೆ ನರ್ಸು ಕೇಳುವುದಿಲ್ಲ, ಕಣ್ಣಿನ ಸುತ್ತ ಬಟ್ಟೆ ಹೊದಿಸಿಬಿಡುತ್ತಾಳೆ. ಡಾಕ್ಟರು ಕೈ ತೊಳೆದು ನೇರವಾಗಿ ಕೆಲಸಕ್ಕೆ ಕೂರುತ್ತಾರೆ. ಮತ್ತೊಮ್ಮೆ ನೋಡಬೇಕಾಗಿಲ್ಲ ಎನ್ನುವುದೇ ಆ ಪಟ್ಟಿಯ ಬೆಲೆ. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಬರಲು ಹದಿನೇಳು ವರ್ಷ ಬೇಕಾಯಿತು. ಅದನ್ನು ಹಾಳುಮಾಡಲು ಉಗುರಿನಷ್ಟು ಪ್ಲಾಸ್ಟರು ಸಾಕಾಗಿತ್ತು.

ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅಂಟಿಸಮ್ಮಾ. ನನ್ನ ಕಣ್ಣು, ಏನಾದ್ರೂ ಆದ್ರೆ ನಾನು ಅನುಭವಿಸ್ತೀನಿ. ನನಗೆ ಇನ್ನು ಆ ಮೂಲೇಲಿ ಕೂರೋಕಾಗಲ್ಲ."

ಅವಳು ನನ್ನನ್ನು ಏನಾದರೂ ಬೇಡಿದ್ದು ನನ್ನ ನೆನಪಿನಲ್ಲಿ ಇರಲಿಲ್ಲ. ಅಂಟಿಸಿಬಿಡೋಣ ಎಂದು ಒಂದು ಗಳಿಗೆ ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಪಟ್ಟಿಯನ್ನು ಆಗಲೇ ಕತ್ತರಿಸಿ ಬೆರಳ ತುದಿಗೆ ಅಂಟಿಸಿಕೊಂಡಿದ್ದೆ. ಅದನ್ನು ಮುದುರಿ ಕಸದ ಬುಟ್ಟಿಗೆ ಹಾಕಿದೆ.

"ಮೂರು ವಾರ ಕೂರ್ತೀಯ" ಎಂದೆ. ಆಮೇಲೆ "ಆರನೆಯವರು ಬನ್ನಿ" ಎಂದು ಬೆಂಚಿನ ಕಡೆಗೆ ಕೂಗಿದೆ. ನನ್ನ ದನಿ ನನಗೇ ಕಲ್ಲಿನಂತೆ ಕೇಳಿಸಿತು.

ಗಲಾಟೆ ಕೇಳಿ ದೊಡ್ಡ ಡಾಕ್ಟರೇ ಹೊರಗೆ ಬಂದರು. ಬಗ್ಗಿ ಭೂತಗನ್ನಡಿಯಲ್ಲಿ ನೋಡಿದರು. "ಇವರು ನಿಮ್ಮ ತಾಯಿ ಅಲ್ವಾ?" ಎಂದು ಕೇಳಿದರು. ಹೌದು ಎಂದೆ. ನನ್ನ ಮುಖವನ್ನೊಮ್ಮೆ ನೋಡಿ, ಮುಲಾಮು ಬರೆದು, ಇಪ್ಪತ್ತೆರಡು ದಿನ ಬಿಟ್ಟು ಒಂದು ದಿನಾಂಕ ಹಾಕಿ ಒಳಗೆ ಹೋದರು. ಅಮ್ಮ ಟೋಪಿ ತೆಗೆದು ಸ್ಟೂಲಿನ ಮೇಲಿಟ್ಟಳು. ತಮ್ಮನ ಕೈ ಹಿಡಿಯದೆ, ಗೋಡೆ ಸವರಿಕೊಂಡು ವರಾಂಡದ ಉದ್ದಕ್ಕೂ ಒಬ್ಬಳೇ ನಡೆದಳು. ನನಗೆ ಆ ದಿನ ಇನ್ನೂ ಆರು ಮಂದಿಯ ರೆಪ್ಪೆ ಬಾಕಿ ಇತ್ತು. ಆರೂ ಮುಗಿಸಿದ ಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಮಾರನೆಯ ಬೆಳಗ್ಗೆಯಿಂದ ಮೊದಲ ಬಸ್ಸು ಹಿಡಿದು ಅಮ್ಮ ಇದ್ದ ತಮ್ಮನ ಮನೆಗೆ ಹೋಗತೊಡಗಿದೆ. ತಮ್ಮ ಬಾಗಿಲು ತೆಗೆದು ಮಾತಾಡದೆ ಒಳಗೆ ಹೋಗುತ್ತಿದ್ದ. ಅಮ್ಮ ಮುಖ ಊದಿಸಿಕೊಂಡು ಮಲಗಿರುತ್ತಿದ್ದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿ ಬಟ್ಟೆ ಇಟ್ಟು, ಮುಲಾಮು ಸವರಿ, ಆಸ್ಪತ್ರೆಗೆ ಓಡುತ್ತಿದ್ದೆ. ಮೊದಲ ವಾರ ಇಬ್ಬರ ಬಾಯಿಗೂ ಬೀಗ. ಗಾಯ ಮಾಯ್ದ ಮೇಲೆ ಹತ್ತಿಯಲ್ಲಿ ಒರೆಸಲು ಶುರುಮಾಡಿದೆ. ಹತ್ತನೆಯದೋ ಹನ್ನೊಂದನೆಯದೋ ದಿನ ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಮುಟ್ಟಿದ್ದೇ ಗೊತ್ತಾಗಲ್ಲ. ಹೀಗೆ ಮಾಡಿದ್ರೆ ಕೊಳೆ ಹೇಗೆ ಹೋಗುತ್ತೆ?"

"ಬಿಸಿ ಬಟ್ಟೆ ಅದನ್ನ ಮೊದಲೇ ಸಡಿಲ ಮಾಡಿರುತ್ತಲ್ಲಮ್ಮ. ಆಮೇಲೆ ಉಜ್ಜೋ ಕೆಲಸ ಇಲ್ಲ. ಸುಮ್ನೆ ಸವರಿದ್ರೆ ಬರುತ್ತೆ. ದಿನಾ ಮಾಡಿದ್ರೆ ಕೂರೋದೇ ಇಲ್ಲ."

ಅಮ್ಮ ಯೋಚಿಸಿದಳು. "ರೇಷ್ಮೆಗೆ ಮಾಡೋ ಹಾಗೆ."

"ಹೂಂ, ಹಾಗೇ."

ಅವಳು ತಟ್ಟನೆ ನನ್ನ ಕೈ ತಳ್ಳಿ ಎದ್ದು ಕೂತಳು. "ಮತ್ತೆ ಅವತ್ತೇ ರೇಷ್ಮೆ ಅಂತ ಹೇಳೋಕೇನಾಗಿತ್ತು ನಿನಗೆ? ಕಾಲರು ಅಂದೆ! ಕಾಲರನ್ನ ಯಾರಾದ್ರೂ ಸವರ್ತಾರೇನೇ?"

ಅವಳು ಹೇಳಿದ್ದು ಸರಿ. ಆ ಕೈಗೆ ಕಾಲರು ಎಂದು ಹೇಳಿದವಳು ನಾನು, ಕಾಲರಿಗೆ ಏನು ಮಾಡಬೇಕೋ ಅದನ್ನೇ ಅದು ಮಾಡಿತ್ತು. ನಾಲ್ಕು ಜನರನ್ನು ನಗಿಸಲು ಹೋಗಿ ಮೂರು ವಾರ ಅಮ್ಮನನ್ನು ಕತ್ತಲಲ್ಲಿ ಕೂರಿಸಿದ್ದು ನನ್ನ ನಾಲಿಗೆ.

"ತಪ್ಪು ನನ್ನದೇ ಅಮ್ಮ" ಎಂದೆ.

"ಮತ್ತೆ!" ಎಂದು ಗದರಿ ಅಮ್ಮ ಮತ್ತೆ ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಅಂದಿನಿಂದ ಪ್ರಶ್ನೆಗಳೇ ಪ್ರಶ್ನೆಗಳು. ನೀರು ಎಷ್ಟು ಬಿಸಿ? ಮೂಗಿನ ಕಡೆಯಿಂದಲೇ ಯಾಕೆ? ಒಂದು ದಿನಕ್ಕೆ ಎಷ್ಟು ಜನ? ಅವರಲ್ಲಿ ತೊಳೆದುಕೊಂಡು ಬಂದವರೆಷ್ಟು? "ಒಬ್ಬರೂ ಇಲ್ಲ" ಎಂದರೆ "ಥೂ, ಎಂಥಾ ಜನ" ಎನ್ನುತ್ತಿದ್ದಳು. ಕೊನೆಯ ವಾರ ತಮ್ಮನ ಹೆಂಡತಿಯನ್ನೂ ಮಕ್ಕಳನ್ನೂ ಸಾಲಾಗಿ ಕೂರಿಸಿ ತಾನೇ ಪಾಠ ಹೇಳಿದಳಂತೆ. ತಮ್ಮ ಮಾತ್ರ ಸಿಕ್ಕಿಕೊಳ್ಳದೆ ಡ್ಯೂಟಿಗೆ ಪರಾರಿಯಾಗಿದ್ದ.

ಇಪ್ಪತ್ತೆರಡನೆಯ ದಿನ ಅಮ್ಮನ ರೆಪ್ಪೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದೆ. ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದರೂ ದೂರಲು ಏನೂ ಸಿಗಲಿಲ್ಲ. ಪಟ್ಟಿ ಅಂಟಿಸಿದೆ. ಅರ್ಧ ಗಂಟೆಯಲ್ಲಿ ಆಪರೇಷನ್ ಮುಗಿಯಿತು. ಮರುದಿನ ಬೆಳಗ್ಗೆ ಡಾಕ್ಟರು ಬ್ಯಾಂಡೇಜು ಬಿಚ್ಚಿದಾಗ ಅಮ್ಮ ಮೊದಲು ಅವರ ಬಿಳಿ ಕೋಟನ್ನು ನೋಡಿದಳು. "ಇದನ್ನ ಯಾರು ಒಗೆಯೋದು?" ಎಂದು ಕೇಳಿದಳು. ಡಾಕ್ಟರು ನಕ್ಕು, ಕಣ್ಣು ಚೆನ್ನಾಗಿ ಬಂದಿದೆ ಎಂದು ಬರೆದರು.

ತಮ್ಮ ಔಷಧಿಯ ಸಾಲಿನಲ್ಲಿ ನಿಂತಿದ್ದ. ಅವನು ಬರುವವರೆಗೆ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಕೋಣೆಯ ಬೆಂಚಿನ ತುದಿಯಲ್ಲಿ ಕೂತಳು. ನನ್ನ ಕೈಯನ್ನೇ ನೋಡುತ್ತಿದ್ದಳು. ಹತ್ತಿ ತೆಗೆದರೆ ಹತ್ತಿಯನ್ನು, ಬಟ್ಟೆ ಹಿಂಡಿದರೆ ಬಟ್ಟೆಯನ್ನು. ನಾನು ಕೆಲಸ ಮಾಡುವುದನ್ನು ಅವಳು ಕಣ್ಣಾರೆ ಕಂಡದ್ದು ಅಂದೇ.

ಅಂದು ಮೂರನೆಯವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹೆಂಗಸು. ಸ್ಟೂಲಿನ ಮೇಲೆ ಕೂತವರೇ ಗಡಿಯಾರ ನೋಡಿಕೊಂಡರು.

"ನೋಡಮ್ಮ, ನಾನು ಮುಖ ತೊಳ್ಕೊಂಡೇ ಬಂದಿದೀನಿ. ಇದೆಲ್ಲ ಏನೂ ಬೇಡ. ಸುಮ್ನೆ ಆ ಪಟ್ಟಿ ಅಂಟಿಸಿ ಕಳಿಸು."

ನಾನು ನನ್ನ ಎಂದಿನ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಬೆಂಚಿನ ತುದಿಯಿಂದ ಅಮ್ಮನ ದನಿ ಬಂತು. ಅಂಗಡಿಯ ಕಟ್ಟೆಯಿಂದ ಬೀದಿಯ ಆ ಕೊನೆಗೆ ಕೇಳಿಸುತ್ತಿದ್ದ ದನಿ, ಎರಡು ವರ್ಷದಿಂದ ನಾನು ಕೇಳದೇ ಇದ್ದದ್ದು.

"ಸುಮ್ನೆ ಕಣ್ಣು ಮುಚ್ಚಿ ಕೂತ್ಕೊಳ್ಳಿ ಮೇಡಮ್. ಇವಳು ನನ್ನ ಮಗಳು. ಇಲ್ಲಿ ರೆಪ್ಪೆ ತೊಳೀತಾಳೆ. ಹೋದ ತಿಂಗಳು ಇದೇ ಸ್ಟೂಲ್ ಮೇಲೆ ನಾನು ಕೂತಿದ್ದೆ, ಕೈ ಹಿಡಿದು ಬೇಡ್ಕೊಂಡೆ. ಹೆತ್ತ ತಾಯಿ ಅಂತ ಕೂಡ ನೋಡಲಿಲ್ಲ, ಎಬ್ಬಿಸಿ ಮನೆಗೆ ಕಳಿಸಿದ್ಲು. ನಿಮ್ಮನ್ನ ಬಿಡ್ತಾಳಾ?"

ಬ್ಯಾಂಕಿನ ಹೆಂಗಸು ತೆಪ್ಪಗೆ ಕಣ್ಣು ಮುಚ್ಚಿದರು. ಬೆಂಚಿನ ಮೇಲಿದ್ದವರೆಲ್ಲ ಅಮ್ಮನ ಕಡೆಗೆ ತಿರುಗಿದರು. ಅವಳು ಕನ್ನಡಕ ಸರಿಮಾಡಿಕೊಂಡು, ಪಕ್ಕದವರಿಗೆ "ಹದಿನೇಳು ವರ್ಷದಿಂದ" ಎಂದು ಇನ್ನೊಮ್ಮೆ ಹೇಳಿದಳು, ಯಾರೂ ಕೇಳದಿದ್ದರೂ.

ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಕಣ್ಣು ಮಂಜಾಗಿರುವಾಗ ಇನ್ನೊಬ್ಬರ ರೆಪ್ಪೆ ಮುಟ್ಟುವಂತಿಲ್ಲ.

"ಏನೇ, ನಿಂತೇಬಿಟ್ಟೆ?" ಎಂದಳು ಅಮ್ಮ ಹಿಂದಿನಿಂದ. "ಬಟ್ಟೆ ತಣ್ಣಗಾಗುತ್ತೆ, ಬಾ ಬೇಗ."